ಕಂಬಳಿಯ ನೂಲಿನಿಂದ ಕಾಲುಚೀಲ

ಕಲಬುರಗಿ ಜಿಲ್ಲೆಯ ಹೆಸರನ್ನೆತ್ತಿದೊಡನೆ ನಮಗೆಲ್ಲ ನೆನಪಾಗುವುದು ಬಿಸಿಲು. ವೈಶಾಖದಲ್ಲಿ ಅಲ್ಲಿಯ ಉಷ್ಣಮಾನವು 40 ಡಿಗ್ರಿಯನ್ನು ದಾಟುವುದು ಸಾಮಾನ್ಯ ಸಂಗತಿ. ಅಂಥ ನಾಡಿನಲ್ಲಿ ಉಣ್ಣೆಯ ಕಾಲುಚೀಲದ ಮಾತೇತಕ್ಕೆ ಎಂದು ವಾಚಕರು ಕೇಳಬಹುದು. ಹಾಗೆ ಕೇಳುವವರು ಪುಷ್ಯಮಾಸದ ಒಂದು ರಾತ್ರಿಯನ್ನು ಭೀಮಾ ನದಿಯ ದಂಡೆಯ ಎರೆಹೊಲದಲ್ಲಿ, ಕುರಿಯ ಮಂದೆಯ ಪಕ್ಕದಲ್ಲಿ ಕಳೆದು ನೋಡಬೇಕು.

ಜೇವರ್ಗಿ ತಾಲೂಕಿನ ಅಂಥದೊಂದು ಹೊಲದಲ್ಲಿ ನಾವು ಬೆಳಗಿನ ಜಾವವನ್ನು ಕಂಡೆವು. ತೊಗರಿ ಕೊಯ್ದ ಹೊಲದಲ್ಲಿ ಗೊಬ್ಬರಕ್ಕೆಂದು ಮಂದೆಯನ್ನು ತರುಬಿದ್ದರು. ಮುದುಕ ಕುರಿಗಾರನೊಬ್ಬನು ಕರಿಯ ಕಂಬಳಿಯನ್ನು ಕೊಪ್ಪೆಯಂತೆ ತಲೆಯ ಮೇಲೆ ಎಳೆದುಕೊಂಡು, ಆರಿಹೋಗುತ್ತಿದ್ದ ಬೆಂಕಿಯ ಮುಂದೆ ಕುಳಿತಿದ್ದನು. ತಲೆಯಿಂದ ಮೊಣಕಾಲಿನವರೆಗೆ ಅವನ ಮೈಯೆಲ್ಲ ಬೆಚ್ಚಗಿತ್ತು. ಆದರೆ ಮಂಜಿನಿಂದ ತೊಯ್ದ ಮಣ್ಣಿನ ಮೇಲೆ ಇಟ್ಟ ಪಾದಗಳು ಮಾತ್ರ ಬರಿದಾಗಿದ್ದುವು. ಹಿಮ್ಮಡಿಗಳು ಬೇಸಿಗೆಯ ಎರೆನೆಲದಂತೆ ಬಿರಿದಿದ್ದುವು.

“ಕಾಕಾ, ಕಾಲಿಗೆ ಥಂಡಿ ಹತ್ತೂದಿಲ್ಲೇನು?” ಎಂದು ಕೇಳಿದೆವು.

“ಹತ್ತೂದು ಹತ್ತತದರೀ. ಆದ್ರ ಕಾಲಿಗಿ ಕಂಬಳಿ ಯಾರು ನೇದು ಕೊಡ್ತಾರ?” ಎಂದು ಆತನು ನಕ್ಕನು.

ನಗೆಯಲ್ಲಿ ಆಡಿದ ಮಾತಾದರೂ ಅದರಲ್ಲಿ ಒಂದು ನಿಜವಾದ ಪ್ರಶ್ನೆ ಅಡಗಿದೆ. ಅವನ ಸುತ್ತಲೂ ನಿಂತಿದ್ದ ಕುರಿಗಳ ಮೈಮೇಲೆ ಉಣ್ಣೆಗೆ ಕೊರತೆಯಿರಲಿಲ್ಲ. ಉಣ್ಣೆಯನ್ನು ನೂಲಾಗಿಸಿ ಕಂಬಳಿ ನೇಯುವ ವಿದ್ಯೆ ಅವನ ಕುಲಕ್ಕೆ ಶತಮಾನಗಳಿಂದ ಬಂದುದು. ಹೀಗಿದ್ದೂ ಕಾಲಿಗೊಂದು ಕಂಬಳಿ ಏಕೆ ಹುಟ್ಟಲಿಲ್ಲ? ಈ ಪ್ರಶ್ನೆಯನ್ನು ಕಟ್ಟಿಕೊಂಡು ನಾವು ಮೂರು ತಾಲೂಕುಗಳನ್ನು ಸುತ್ತಿದೆವು. ಕೊನೆಗೆ ನಮ್ಮ ಕೈಯಿಂದಲೇ ಒಂದು ಜೊತೆ ಕಾಲುಚೀಲವನ್ನು ಹೆಣೆದೆವು. ಆ ಕೆಲಸದಲ್ಲಿ ಕಂಡ ವಿಜ್ಞಾನವನ್ನೂ, ಮಾಡಿದ ತಪ್ಪನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ನೇಯ್ದ ಬಟ್ಟೆಗೆ ನಾಲ್ಕು ಮೂಲೆ

ಮೊದಲು ಅಫಜಲಪುರ ತಾಲೂಕಿನ ಒಂದು ಹಳ್ಳಿಗೆ ಹೋಗಿ, ಅಲ್ಲಿ ಇನ್ನೂ ಕೈಬಿಡದೆ ಉಳಿದಿದ್ದ ಒಂದು ಕಂಬಳಿಯ ಮಗ್ಗವನ್ನು ನೋಡಿದೆವು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ನೇಕಾರನು ಕುಳಿತಿದ್ದನು. ಅವನ ಮುಂದೆ ಉದ್ದಕ್ಕೆ ಬಿಗಿದಿದ್ದ ಎಳೆಗಳು ಹಾಸು. ಲಾಳಿಯ ಜೊತೆಗೆ ಅಡ್ಡಲಾಗಿ ಓಡಾಡುವ ಎಳೆ ಹೊಕ್ಕು. ಹಾಸಿನ ಎಳೆಗಳಿಗೆ ಹುಣಸೆಬೀಜದ ಗಂಜಿಯನ್ನು ಬಳಿದು ಒಣಗಿಸಿದ್ದರು. ಹುಣಸೆಬೀಜದ ಹಿಟ್ಟಿನಲ್ಲಿರುವ ಒಂದು ಬಗೆಯ ಶರ್ಕರಪಿಷ್ಟವು ನೀರಿನಲ್ಲಿ ಬೆಂದಾಗ ಅಂಟಾಗುತ್ತದೆ. ಅದು ಉಣ್ಣೆಯ ಬಿಡಿಕೂದಲುಗಳನ್ನು ಒಂದಕ್ಕೊಂದು ಹಿಡಿದು, ಮಗ್ಗದ ಉಜ್ಜಾಟಕ್ಕೆ ಎಳೆ ಹರಿಯದಂತೆ ಕಾಪಾಡುತ್ತದೆ.

ಈ ಬಟ್ಟೆಯ ಗುಣವನ್ನು ಗಮನಿಸಿರಿ. ಹಾಸೂ ನೇರ, ಹೊಕ್ಕೂ ಬಹುಮಟ್ಟಿಗೆ ನೇರ. ನೇರವಾದ ಹಗ್ಗವನ್ನು ಎಳೆದರೆ ಅದು ಉದ್ದವಾಗದು. ಹೆಚ್ಚು ಎಳೆದರೆ ಹರಿದೀತು. ಆದುದರಿಂದಲೇ ಕಂಬಳಿಯನ್ನು ಉದ್ದಕ್ಕಾಗಲಿ ಅಡ್ಡಕ್ಕಾಗಲಿ ಎಳೆದರೆ ಅದು ಅಷ್ಟಾಗಿ ಹಿಗ್ಗುವುದಿಲ್ಲ. ಹೊದೆಯುವುದಕ್ಕೂ ಹಾಸುವುದಕ್ಕೂ, ಕಾಳು ಕಟ್ಟುವುದಕ್ಕೂ ಇದು ಒಳ್ಳೆಯ ಗುಣವೇ. ಆದರೆ ಮಗ್ಗದಿಂದ ಬರುವುದು ಯಾವಾಗಲೂ ಚಪ್ಪಟೆಯಾದ, ನಾಲ್ಕು ಮೂಲೆಯ ಬಟ್ಟೆ. ಮನುಷ್ಯನ ಪಾದಕ್ಕೆ ಮೂಲೆಗಳಿಲ್ಲ. ಮುಂದೆ ಗುಂಡಗೆ, ನಡುವೆ ಕೊಳವೆಯಂತೆ, ಹಿಂದೆ ಬಟ್ಟಲಿನಂತೆ ಇರುವ ಈ ಅಂಗವು ಅಲ್ಲಿಂದ ನೇರ ಕೋನದಲ್ಲಿ ಮೇಲಕ್ಕೆ ತಿರುಗುತ್ತದೆ. ಕಂಬಳಿಯನ್ನು ಅದಕ್ಕೆ ಹೊಂದಿಸಬೇಕಾದರೆ ಕತ್ತರಿಸಿ ಹೊಲಿಯಬೇಕು. ಕತ್ತರಿಸಿದ ಕಡೆ ಎಳೆ ಬಿಚ್ಚುತ್ತದೆ, ಹೊಲಿದ ಕಡೆ ಗಂಟು ಒತ್ತುತ್ತದೆ. ಕುರಿಗಾರನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿಯೇ ಸಿಕ್ಕಿತು. ಕೊರತೆಯಿದ್ದುದು ಉಣ್ಣೆಯಲ್ಲಿ ಅಲ್ಲ, ಬಟ್ಟೆಯ ರಚನೆಯಲ್ಲಿ.

ಕುಣಿಕೆಯ ಗುಟ್ಟು

ನೇಯ್ಗೆಗೆ ನೂರಾರು ಎಳೆಗಳು ಬೇಕು. ಹೆಣಿಗೆಗೆ ಒಂದೇ ಎಳೆ ಸಾಕು. ಕಡ್ಡಿಯ ಮೇಲೆ ಸಾಲಾಗಿ ಕುಣಿಕೆಗಳನ್ನು ಏರಿಸಿಕೊಂಡು, ಪ್ರತಿಯೊಂದು ಕುಣಿಕೆಯೊಳಗಿಂದ ನೂಲನ್ನು ಎಳೆದು ಹೊಸ ಕುಣಿಕೆಯನ್ನು ಮಾಡುತ್ತ ಹೋಗುವುದೇ ಹೆಣಿಗೆ. ಕೆಳಗಿನ ಸಾಲಿನ ಕುಣಿಕೆಯನ್ನು ಮೇಲಿನ ಸಾಲಿನ ಕುಣಿಕೆ ಹಿಡಿದಿರುತ್ತದೆ. ಹೀಗಾಗಿ ಹೆಣೆದ ಬಟ್ಟೆಯಲ್ಲಿ ನೂಲು ಎಲ್ಲಿಯೂ ನೇರವಾಗಿರುವುದಿಲ್ಲ. ಹಾವಿನ ನಡೆಯಂತೆ ಏರುತ್ತ ಇಳಿಯುತ್ತ ಸಾಗುತ್ತದೆ. ಅಡ್ಡಕ್ಕೆ ಎಳೆದಾಗ ಕುಣಿಕೆಯ ಎರಡು ಕಾಲುಗಳು ಬಾಗಿ ಅಗಲಕ್ಕೆ ನೂಲನ್ನು ಒದಗಿಸುತ್ತವೆ. ಕೈಬಿಟ್ಟರೆ ಮತ್ತೆ ತಮ್ಮ ಆಕಾರಕ್ಕೆ ಮರಳುತ್ತವೆ. ನೂಲು ಹಿಗ್ಗಲಿಲ್ಲ, ಹಿಗ್ಗಿದ್ದು ಅದು ನಡೆದ ದಾರಿ.

ಇನ್ನೊಂದು ಲಾಭವೂ ಉಂಟು. ಒಂದು ಕುಣಿಕೆಯಿಂದ ಎರಡನ್ನು ಎಳೆಯಬಹುದು, ಎರಡು ಕುಣಿಕೆಗಳನ್ನು ಒಂದಾಗಿಸಬಹುದು. ಬೇಕಾದ ಕಡೆ ಬಟ್ಟೆಯನ್ನು ಹಿಗ್ಗಲಿಸಿ, ಬೇಡವಾದ ಕಡೆ ಕುಗ್ಗಿಸಿ, ಕತ್ತರಿಯ ಹಂಗಿಲ್ಲದೆ ಅದಕ್ಕೆ ಆಕಾರವನ್ನು ಕೊಡಬಹುದು.

ಈ ಗುಟ್ಟನ್ನು ಮನುಷ್ಯನು ಬಹು ಹಿಂದೆಯೇ ಅರಸತೊಡಗಿದನು. ಈಜಿಪ್ಟಿನ ಆಂಟಿನೋಪೊಲಿಸ್ ಎಂಬ ಹಳೆಯ ಪಟ್ಟಣದ ಕಸದ ರಾಶಿಯಲ್ಲಿ ಸಿಕ್ಕ ಒಂದು ಮಗುವಿನ ಎಡಗಾಲಿನ ಚೀಲವು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಕ್ರಿಸ್ತಶಕ 300ರ ಆಸುಪಾಸಿನದೆಂದು ಎಣಿಸಲಾದ ಆ ಚೀಲದ ಮೇಲೆ ಬಣ್ಣಬಣ್ಣದ ಪಟ್ಟೆಗಳಿವೆ. ಪಾದರಕ್ಷೆಯ ಉಂಗುಟಕ್ಕೆ ಅನುಕೂಲವಾಗಲೆಂದು ಹೆಬ್ಬೆರಳಿಗೆ ಬೇರೆ ಮನೆಯಿದೆ. 2018ರಲ್ಲಿ ಪ್ರಕಟವಾದ ಪರೀಕ್ಷೆಯಿಂದ, ಕೆಂಪು, ನೀಲಿ, ಹಳದಿಗಳನ್ನು ಕೊಡುವ ಮೂರೇ ಮೂರು ಗಿಡಗಳ ಬಣ್ಣಗಳನ್ನು ಬೆರೆಸಿ ಅಷ್ಟೂ ಛಾಯೆಗಳನ್ನು ಪಡೆದಿದ್ದರೆಂದು ತಿಳಿದುಬಂದಿತು. ಆದರೆ ಆ ಚೀಲ ಇಂದಿನ ಅರ್ಥದ ಹೆಣಿಗೆಯಲ್ಲ. ಒಂದೇ ಸೂಜಿಯಿಂದ ತುಂಡುನೂಲನ್ನು ಕುಣಿಕೆಗಳೊಳಗೆ ಪೂರ್ತಿಯಾಗಿ ಎಳೆಯುತ್ತ ಮಾಡಿದುದು. ನಿಜವಾದ ಹೆಣಿಗೆಯ ಹಳೆಯ ನಿದರ್ಶನಗಳೂ ಈಜಿಪ್ಟಿನವೇ: ಸುಮಾರು 11ರಿಂದ 13ನೆಯ ಶತಮಾನದ ನಡುವಣ ನೀಲಿ-ಬಿಳಿ ಹತ್ತಿಯ ಕಾಲುಚೀಲಗಳು. ಅವನ್ನು ಬೆರಳಿನ ತುದಿಯಿಂದ ಆರಂಭಿಸಿ ಮೇಲಕ್ಕೆ ಹೆಣೆದಿದ್ದಾರೆ. ಎರಡು ಬಣ್ಣಗಳ ನೂಲನ್ನು ಒಂದೇ ಸುತ್ತಿನಲ್ಲಿ ಬಳಸಿ ಚಿತ್ತಾರವನ್ನು ತುಂಬಿದ್ದಾರೆ. ತುರ್ಕಸ್ತಾನದ ಹಳ್ಳಿಗಳಲ್ಲಿ ಬೆರಳಿನಿಂದಲೇ ಹೆಣಿಗೆಯನ್ನು ಆರಂಭಿಸುವ ಸಂಪ್ರದಾಯವು ಬಹು ಕಾಲ ನಡೆದು ಬಂದಿತು. ನಮ್ಮ ದೇಶದಲ್ಲಿ ಹಿಮಾಚಲ ಪ್ರದೇಶದ ಲಾಹೌಲಿನ ಹೆಂಗಸರು ಹೆಣೆಯುವ ಬಣ್ಣದ ಕಾಲುಚೀಲ, ಕೈಚೀಲಗಳಿಗೆ 2021ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ಭೀಮಾ ತೀರದ ಕುರಿಗಾರರಲ್ಲಿ ಮಾತ್ರ ಈ ವಿದ್ಯೆ ನಮಗೆ ಕಾಣಲಿಲ್ಲ.

ಆಳಂದದ ನೂಲು

ಹೆಣೆಯಬೇಕೆಂದರೆ ನೂಲು ಬೇಕು. ಅದನ್ನು ಅರಸಿಕೊಂಡು ಆಳಂದ ತಾಲೂಕಿನ ಒಂದು ಹಳ್ಳಿಗೆ ಹೋದೆವು. ಅಲ್ಲಿ ಒಬ್ಬ ಅಜ್ಜಿ ಕಟ್ಟೆಯ ಮೇಲೆ ಕುಳಿತು, ಹಿಂಜಿದ ಉಣ್ಣೆಯನ್ನು ಎಡಗೈಯಲ್ಲಿ ಹಿಡಿದು, ಕದಿರನ್ನು ತಿರುಗಿಸಿ ನೂಲುತ್ತಿದ್ದರು. ನಮ್ಮ ಉದ್ದೇಶವನ್ನು ಕೇಳಿ ಅವರಿಗೆ ಆಶ್ಚರ್ಯವಾಯಿತು.

“ಯಪ್ಪಾ, ಈ ಉಣ್ಣಿ ಚುಚ್ಚತದರೀ. ಪ್ಯಾಟ್ಯಾಗ ಮೆತ್ತನ್ನ ಉಣ್ಣಿ ಸಿಗ್ತದ, ಅದು ಬಿಟ್ಟು ಇದ್ಯಾಕ ನಿಮಗ?” ಎಂದರು.

“ಆಯಿ, ಚುಚ್ಚೂದು ಯಾಕಂತ ನೋಡಬೇಕಾಗ್ಯದ,” ಎಂದೆವು.

ಅಜ್ಜಿಯ ಮಾತು ದಿಟ. ಈ ಭಾಗದ ಕುರಿಯನ್ನು ದಖ್ಖನಿ ತಳಿಯೆಂದು ಕರೆಯುತ್ತಾರೆ. ಒಣನೆಲದ ಮೇವನ್ನು ತಿಂದು, ದೂರ ನಡೆದು, ಬರವನ್ನು ತಾಳಿಕೊಳ್ಳುವುದರಲ್ಲಿ ಅದು ಗಟ್ಟಿಗ. ಆದರೆ ಅದರ ಉಣ್ಣೆ ಒರಟು. ಉಣ್ಣೆಯ ದಪ್ಪವನ್ನು ಮೈಕ್ರಾನ್ ಎಂಬ ಮಾನದಿಂದ ಅಳೆಯುತ್ತಾರೆ. ಒಂದು ಮೈಕ್ರಾನ್ ಎಂದರೆ ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಮೆದು ಉಣ್ಣೆಗೆ ಹೆಸರಾದ ಮೆರಿನೋ ಕುರಿಯ ಕೂದಲು ಸಾಮಾನ್ಯವಾಗಿ 24 ಮೈಕ್ರಾನಿಗಿಂತ ತೆಳು. ಸುಮಾರು 30 ಮೈಕ್ರಾನಿಗೆ ಮೀರಿದ ಕೂದಲು ಚರ್ಮಕ್ಕೆ ತಾಗಿದಾಗ ಬಾಗುವ ಬದಲು ಚುಚ್ಚುತ್ತದೆ. ದಖ್ಖನಿ ಉಣ್ಣೆಯಲ್ಲಿ ಅಂಥ ದಪ್ಪ ಕೂದಲುಗಳೇ ಹೇರಳ. ಆದರೆ ಒಂದು ಸಮಾಧಾನವುಂಟು. ಅಂಗಾಲಿನ ಚರ್ಮವು ದಪ್ಪ. ಕತ್ತಿಗೋ ತೋಳಿಗೋ ತಿಳಿಯುವಷ್ಟು ಚುಚ್ಚು ಅದಕ್ಕೆ ತಿಳಿಯದು. ಮೇಲಾಗಿ ಒರಟು ಕೂದಲು ಸವೆತವನ್ನು ತಾಳುತ್ತದೆ. ಕಾಲುಚೀಲಕ್ಕೆ ಬೇಕಾದ ಮುಖ್ಯ ಗುಣವೇ ಅದು.

ಉಣ್ಣೆಯ ಉಪಕಾರ ಇಷ್ಟೇ ಅಲ್ಲ. ನಮ್ಮನ್ನು ಬೆಚ್ಚಗಿಡುವುದು ನಿಜವಾಗಿ ಉಣ್ಣೆಯಲ್ಲ, ಅದರ ಡೊಂಕು ಕೂದಲುಗಳ ನಡುವೆ ಸೆರೆಸಿಕ್ಕ ಗಾಳಿ. ನಿಶ್ಚಲವಾದ ಗಾಳಿಗಿಂತ ನೀರು ಸುಮಾರು 24 ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ತೊಯ್ದ ನೆಲದ ಮೇಲಿಟ್ಟ ಬರಿಗಾಲು ಬೇಗ ಕೊರೆಯುವುದು ಇದರಿಂದಲೇ. ಉಣ್ಣೆಯ ಕೂದಲು ತನ್ನ ತೂಕದ ಸುಮಾರು ಮೂರರಲ್ಲಿ ಒಂದು ಪಾಲಿನಷ್ಟು ತೇವವನ್ನು ಒಳಗೆ ಹೀರಿಕೊಂಡರೂ ಮುಟ್ಟಿದರೆ ಒದ್ದೆಯೆನಿಸದು.

ಅಜ್ಜಿ ನೂತ ನೂಲು ಒಂದೆಳೆಯದು. ಕಂಬಳಿಗೆ ಅದು ಸಾಕು. ಆದರೆ ಹೆಣಿಗೆಗೆ ಅದನ್ನು ಹಾಗೆಯೇ ಬಳಸಿದರೆ ಒಂದು ತೊಡಕು ಬರುತ್ತದೆ. ತಿರುಚಿದ ಎಳೆಯು ಬಿಚ್ಚಿಕೊಳ್ಳಲು ಹವಣಿಸುತ್ತಿರುತ್ತದೆ. ಮಗ್ಗದಲ್ಲಿ ಬಿಗಿಯಾಗಿ ಹಾಸಿದ ಎಳೆಗೆ ಅದಕ್ಕೆ ಎಡೆಯಿಲ್ಲ. ಸಡಿಲವಾದ ಕುಣಿಕೆಗೆ ಎಡೆಯುಂಟು. ಪ್ರತಿ ಕುಣಿಕೆಯೂ ಒಂದೇ ಪಕ್ಕಕ್ಕೆ ಸ್ವಲ್ಪ ಸ್ವಲ್ಪ ವಾಲಿ, ಚೀಲವೆಲ್ಲ ಕಾಲಿನ ಸುತ್ತ ಸೊಟ್ಟಗೆ ತಿರುಗುತ್ತದೆ. ಇದಕ್ಕೆ ಪರಿಹಾರ ಸುಲಭ: ಒಂದೇ ದಿಕ್ಕಿಗೆ ನೂತ ಎರಡು ಎಳೆಗಳನ್ನು ಜೊತೆಗೂಡಿಸಿ ಎದುರು ದಿಕ್ಕಿಗೆ ಹುರಿ ಮಾಡಬೇಕು. ಆಗ ಒಂದರ ತವಕವನ್ನು ಇನ್ನೊಂದು ತಡೆದು ನೂಲು ಶಾಂತವಾಗುತ್ತದೆ. ಹಗ್ಗ ಹೊಸೆಯುವ ರೈತನಿಗೆ ಇದು ಹೊಸ ವಿಚಾರವಲ್ಲ. ಅಜ್ಜಿ ಕರಿಯ ನೂಲಿನ ಒಂದು ಉಂಡೆಯನ್ನೂ ಬಿಳಿಯ ನೂಲಿನ ಒಂದು ಚಿಕ್ಕ ಉಂಡೆಯನ್ನೂ ಹುರಿ ಮಾಡಿ ಕೊಟ್ಟರು. ಬಣ್ಣ ಹಾಕುವ ಅಗತ್ಯವೇ ಇರಲಿಲ್ಲ; ಎರಡೂ ಕುರಿಯ ಮೈಯ ಬಣ್ಣಗಳೇ.

ಬೆರಳಿನ ತುದಿಯ ಲೆಕ್ಕ

ಪೆನ್ಸಿಲಿನ ಅರ್ಧದಷ್ಟು ದಪ್ಪದ ಐದು ಬಿದಿರುಕಡ್ಡಿಗಳನ್ನು ಎರಡೂ ತುದಿಯಲ್ಲಿ ಚೂಪಾಗಿ ಕೆತ್ತಿ ನಯಮಾಡಿಕೊಂಡೆವು. ನಾಲ್ಕು ಕಡ್ಡಿಗಳ ಮೇಲೆ ಕುಣಿಕೆಗಳು ಸುತ್ತಲೂ ಕುಳಿತಿರುತ್ತವೆ, ಐದನೆಯದರಿಂದ ಹೆಣೆಯಬೇಕು. ಮೊದಲು ಒಂದು ಚಿಕ್ಕ ತುಂಡನ್ನು ಹೆಣೆದು ಅಳೆದೆವು: 10 ಸೆಂಟಿಮೀಟರ್ ಅಗಲಕ್ಕೆ 20 ಕುಣಿಕೆ, 10 ಸೆಂಟಿಮೀಟರ್ ಎತ್ತರಕ್ಕೆ 28 ಸಾಲು. ಈ ಎರಡು ಅಂಕಿಗಳು ಕೈಗೆ ಬಂದರೆ ಉಳಿದುದೆಲ್ಲ ಗಣಿತ.

ಕುರಿಗಾರನ ಪಾದದ ಸುತ್ತಳತೆ 22 ಸೆಂಟಿಮೀಟರ್. ಅದಕ್ಕೆ ಸರಿಯಾಗಿ 44 ಕುಣಿಕೆಗಳು ಬೇಕು. ಆದರೆ ಚೀಲವು ಕಾಲನ್ನು ಅಪ್ಪಿ ಹಿಡಿಯಬೇಕಾದರೆ ಪಾದಕ್ಕಿಂತ ಹತ್ತರಲ್ಲಿ ಒಂದು ಪಾಲು ಚಿಕ್ಕದಾಗಿರಬೇಕು. ಆದುದರಿಂದ 40 ಕುಣಿಕೆಗಳೆಂದು ಗೊತ್ತುಮಾಡಿದೆವು.

ತುದಿಯಲ್ಲಿ 12 ಕುಣಿಕೆಗಳಿಂದ ಆರಂಭ: ಪಾದದ ಮೇಲಣ ಬದಿಗೆ 6, ಕೆಳಗಣ ಬದಿಗೆ 6. ಎರಡು ಕಡ್ಡಿಗಳನ್ನು ಜೊತೆಯಾಗಿ ಹಿಡಿದು, ನೂಲನ್ನು ಒಮ್ಮೆ ಒಂದಕ್ಕೆ ಒಮ್ಮೆ ಇನ್ನೊಂದಕ್ಕೆ ಸುತ್ತಿ ಈ 12 ಕುಣಿಕೆಗಳನ್ನು ಏರಿಸುವುದರಿಂದ ತುದಿಯಲ್ಲಿ ರಂಧ್ರವಾಗಲಿ ಹೊಲಿಗೆಯಾಗಲಿ ಉಳಿಯುವುದಿಲ್ಲ. ಆಮೇಲೆ ಎರಡು ಸುತ್ತಿಗೊಮ್ಮೆ, ಎರಡು ಪಕ್ಕಗಳಲ್ಲಿ ಎರಡೆರಡರಂತೆ, ನಾಲ್ಕು ಕುಣಿಕೆಗಳನ್ನು ಹೆಚ್ಚಿಸಬೇಕು. 12ರಿಂದ 40ಕ್ಕೆ ಏರಲು 28 ಬೇಕು. ನಾಲ್ಕರಂತೆ ಏಳು ಸಲ, ಅಂದರೆ 14 ಸುತ್ತು. ಎತ್ತರದ ಲೆಕ್ಕದಂತೆ 14 ಸುತ್ತಿಗೆ 5 ಸೆಂಟಿಮೀಟರ್. ಬೆರಳುಗಳನ್ನು ಮುಚ್ಚಲು ಇದು ತಕ್ಕಷ್ಟು.

ಇಲ್ಲಿ ರೇಖಾಗಣಿತದ ಒಂದು ಸೊಗಸನ್ನು ವಿದ್ಯಾರ್ಥಿಗಳು ಗಮನಿಸಬೇಕು. ರೊಟ್ಟಿಯಂತೆ ಚಪ್ಪಟೆಯಾದ ಬಿಲ್ಲೆಯನ್ನು ಹೆಣೆಯಬೇಕಾದರೆ ಸುತ್ತಿಗೆ ಎಷ್ಟು ಕುಣಿಕೆಗಳನ್ನು ಹೆಚ್ಚಿಸಬೇಕು? ವೃತ್ತದ ತ್ರಿಜ್ಯವು ಒಂದು ಸಾಲಿನಷ್ಟು ಬೆಳೆದರೆ ಪರಿಧಿಯು ಅದರ 6.28 ಪಟ್ಟು ಬೆಳೆಯುತ್ತದೆ. ನಮ್ಮ ಹೆಣಿಗೆಯಲ್ಲಿ ಸಾಲಿನ ಎತ್ತರವು ಕುಣಿಕೆಯ ಅಗಲದ 28ರಲ್ಲಿ 20 ಪಾಲು. ಆದುದರಿಂದ ಸುತ್ತಿಗೆ ಸುಮಾರು ನಾಲ್ಕೂವರೆ ಕುಣಿಕೆಗಳು ಬೇಕು. ಅದಕ್ಕಿಂತ ಹೆಚ್ಚಿಸಿದರೆ ಅಂಚಿಗೆ ಎಡೆ ಸಾಲದೆ, ಕರಿದ ಹಪ್ಪಳದಂತೆ ಅಲೆಯಲೆಯಾಗುತ್ತದೆ. ಕಡಿಮೆ ಮಾಡಿದರೆ ಅಂಚು ಒಳಕ್ಕೆ ಸೆಳೆದು ಬಟ್ಟಲಾಗುತ್ತದೆ. ಏನನ್ನೂ ಹೆಚ್ಚಿಸದಿದ್ದರೆ ಕೊಳವೆ. ನಾವು ಹೆಚ್ಚಿಸಿದ್ದು ಸುತ್ತಿಗೆ ಸರಾಸರಿ ಎರಡು. ಚಪ್ಪಟೆಗೆ ಬೇಕಾದುದರ ಅರ್ಧಕ್ಕೂ ಕಡಿಮೆ. ಬೆರಳಿನ ಗೂಡು ತಾನಾಗಿಯೇ ಮೂಡಿತು. ಏರಿಕೆಯನ್ನು ನಿಲ್ಲಿಸಿದೊಡನೆ ಅದೇ ಗೂಡು ಪಾದದ ಕೊಳವೆಯಾಗಿ ಮುಂದುವರಿಯಿತು.

ಹಿಮ್ಮಡಿಯ ತಿರುವು

ಕೊಳವೆಯನ್ನು ನೇರ ಕೋನದಲ್ಲಿ ಬಾಗಿಸುವುದು ಹೇಗೆ? ಬಾಗಿದ ಕೊಳವೆಯಲ್ಲಿ ಹೊರಮೈ ಉದ್ದ, ಒಳಮೈ ಗಿಡ್ಡ. ಆದುದರಿಂದ ಹಿಮ್ಮಡಿಯ ಕಡೆಗೆ ಮಾತ್ರ ಹೆಚ್ಚಿನ ಬಟ್ಟೆಯನ್ನು ಕೂಡಿಸಬೇಕು. ಪಾದದ ಮೇಲಣ ಬದಿಯ 20 ಕುಣಿಕೆಗಳು ಸುಮ್ಮನೆ ಕಾದಿರಬೇಕು.

ಕೆಳಗಣ 20 ಕುಣಿಕೆಗಳ ಮೇಲೆ ಹಿಂದಕ್ಕೂ ಮುಂದಕ್ಕೂ ಹೆಣೆಯುತ್ತ, ಪ್ರತಿ ಸಾಲಿನ ಕೊನೆಯಲ್ಲಿ ಒಂದೊಂದು ಕುಣಿಕೆಯನ್ನು ಬಿಟ್ಟು ತಿರುಗಿದೆವು. ಬಾವಿಗೆ ಮೆಟ್ಟಿಲಿಳಿದಂತೆ ಸಾಲು ಕಿರಿದಾಗುತ್ತ ಹೋಯಿತು. 12 ಸಾಲಾದ ಮೇಲೆ ನಡುವೆ 8 ಕುಣಿಕೆಗಳು ಉಳಿದುವು. ಆಮೇಲೆ ಬಿಟ್ಟವುಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತ ಅದೇ ಮೆಟ್ಟಿಲುಗಳನ್ನು ಹತ್ತಿ ಮೇಲೆ ಬಂದೆವು. ಮತ್ತೆ 12 ಸಾಲು. ನಡುವೆ ಒಟ್ಟು 24 ಸಾಲು, ಅಂದರೆ ಸುಮಾರು ಎಂಟೂವರೆ ಸೆಂಟಿಮೀಟರ್ ಹೆಚ್ಚಿನ ಬಟ್ಟೆ ಸೇರಿತು. ಮೇಲಣ ಬದಿಗೆ ಒಂದು ಸಾಲೂ ಸೇರಲಿಲ್ಲ. ಕೊಳವೆ ಬಾಗದೆ ಬೇರೆ ದಾರಿಯಿರಲಿಲ್ಲ. ಬಾಗಿದ ಕಡೆ ಬಟ್ಟಲಿನಂಥ ಹಿಮ್ಮಡಿ ಸಿದ್ಧವಾಯಿತು.

ನಮ್ಮ ತಪ್ಪು

ಹಿಮ್ಮಡಿ ತಿರುಗಿದ ಮೇಲೆ ಬಣ್ಣದ ಕೆಲಸ. 8 ಕುಣಿಕೆಗಳ ಒಂದು ಚಿತ್ತಾರವನ್ನು ಚೌಕುಳಿ ಕಾಗದದ ಮೇಲೆ ಬರೆದುಕೊಂಡೆವು. 40ನ್ನು 8 ನಿಶ್ಶೇಷವಾಗಿ ಭಾಗಿಸುವುದರಿಂದ ಚಿತ್ತಾರವು ಸುತ್ತಲೂ ಐದು ಸಲ ಕಡಿಯದೆ ಬರುತ್ತದೆ. 6 ಕುಣಿಕೆಗಳ ಚಿತ್ತಾರವಾಗಿದ್ದರೆ ನಾಲ್ಕು ಕುಣಿಕೆಗಳು ಅನಾಥವಾಗಿ ಉಳಿಯುತ್ತಿದ್ದುವು. ಕರಿಯ ನೂಲಿನಿಂದ ಹೆಣೆಯುವಾಗ ಬಿಳಿಯದು ಒಳಮೈಯಲ್ಲಿ ಹಾದುಹೋಗುತ್ತದೆ. ಬಿಳಿಯದು ಹೆಣೆಯುವಾಗ ಕರಿಯದು ಒಳಗೆ. ಹೊರಗೆ ಚಿತ್ರ, ಒಳಗೆ ಅಡ್ಡಡ್ಡ ಹಾದ ಬಿಡಿ ಎಳೆಗಳು.

ಕರಿಯ ನೆಲದ ಮೇಲೆ ಬಿಳಿಯ ಶಿಖರಗಳು ಏಳುತ್ತಿದ್ದುದನ್ನು ಕಂಡು ನಾವು ಮೈಮರೆತೆವು. ಒಮ್ಮೆಯೂ ಕಾಲಿಗೆ ಹಾಕಿ ನೋಡದೆ ಕೊನೆಯವರೆಗೂ ಹೆಣೆದು ಬಾಯಿಯನ್ನು ಮುಗಿಸಿದೆವು. ಜೇವರ್ಗಿಗೆ ಒಯ್ದು ಕುರಿಗಾರನ ಕೈಗೆ ಕೊಟ್ಟಾಗ ಚೀಲವು ಅವನ ಹಿಮ್ಮಡಿಯನ್ನು ದಾಟಿ ಒಳಕ್ಕೆ ಹೋಗಲೇ ಇಲ್ಲ. ಆತನು ಎರಡು ಸಲ ಎಳೆದು ನೋಡಿ, ಹರಿದೀತೆಂದು ಹೆದರಿ, ಮೆಲ್ಲನೆ ತೆಗೆದು ನಮ್ಮ ಮುಂದಿಟ್ಟನು.

“ಛಂದ ಅದರೀ. ಗ್ವಾಡಿಗಿ ತೂಗ ಹಾಕ್ಲಿಕ್ಕೆ ಅಡ್ಡಿಯಿಲ್ಲ,” ಎಂದನು.

ತಪ್ಪು ಎಲ್ಲಿದ್ದಿತು? ಚೀಲದ ಕೊರಳು ಕಣಕಾಲಿಗೆ ಸರಿಯಾಗಿಯೇ ಇತ್ತು. ಆದರೆ ಅದನ್ನು ತೊಡುವಾಗ ಹಿಮ್ಮಡಿಯಿಂದ ಪಾದದ ಮೇಲ್ಭಾಗಕ್ಕೆ ಓರೆಯಾಗಿ ಸುತ್ತುವ ಅಳತೆ ಆ ಕೊರಳಿನೊಳಗೆ ಹಾದುಹೋಗಬೇಕು. ಕುರಿಗಾರನ ಕಾಲಿನಲ್ಲಿ ಅದು 31 ಸೆಂಟಿಮೀಟರ್. ನಮ್ಮ ಚೀಲದ ಸುತ್ತಳತೆ 20. ಒಂದೇ ಬಣ್ಣದ ಹೆಣಿಗೆಯಾಗಿದ್ದರೆ ಕುಣಿಕೆಗಳು ಬಾಗಿ ಅಷ್ಟು ಹಿಗ್ಗಿಕೊಡುತ್ತಿದ್ದುವು. ಆದರೆ ಒಳಮೈಯಲ್ಲಿ ಹಾದ ಬಿಡಿ ಎಳೆಗಳಿಗೆ ಕುಣಿಕೆಯಿಲ್ಲ, ಅವು ನೇರ. ನೇರವಾದ ಎಳೆ ಹಿಗ್ಗುವುದಿಲ್ಲವೆಂಬುದನ್ನು ನಾವೇ ಮೊದಲು ಹೇಳಿದ್ದೆವಷ್ಟೆ! ಹೆಣಿಗೆಯ ಚೀಲದೊಳಗೆ ನಮಗೆ ತಿಳಿಯದಂತೆ ಮಗ್ಗದ ಹೊಕ್ಕನ್ನು ನಾವು ಕೂಡಿಸಿಬಿಟ್ಟಿದ್ದೆವು.

ಬೆರಳಿನಿಂದ ಮೇಲಕ್ಕೆ ಹೆಣೆಯುವುದರ ಹಿರಿಮೆ ಆಗ ನಮಗೆ ನಿಜವಾಗಿ ತಿಳಿಯಿತು. ಹೆಣಿಗೆಯು ಸಲೀಸಾಗಿ ಬಿಚ್ಚುವುದು ಕೊನೆಗೆ ಹೆಣೆದ ಕಡೆಯಿಂದ ಮಾತ್ರ. ಬಾಯಿಯಿಂದ ಕೆಳಕ್ಕೆ ಹೆಣೆದ ಚೀಲವಾಗಿದ್ದರೆ ಕೊರಳನ್ನು ತಿದ್ದಲು ಇಡೀ ಪಾದವನ್ನು ಬಿಚ್ಚಬೇಕಾಗುತ್ತಿತ್ತು. ನಮ್ಮದರಲ್ಲಿ ಬಾಯಿಯ ತುದಿಯನ್ನು ಹಿಡಿದೆಳೆದಾಗ ಕೊರಳು ಮಾತ್ರ ಬಿಚ್ಚಿತು. ಬೆರಳು, ಪಾದ, ಹಿಮ್ಮಡಿಗಳು ಹಾಗೆಯೇ ಉಳಿದುವು. ನೂಲಿನ ಒಂದು ಗೇಣೂ ಹಾಳಾಗಲಿಲ್ಲ. ಈ ಕ್ರಮಕ್ಕೆ ಎದುರುಮುಖವೂ ಇದೆಯೆಂಬುದನ್ನು ಮರೆಯಬಾರದು: ಬೆರಳಿನ ತುದಿ ಸವೆದು ತೂತಾದರೆ ಬಾಯಿಯಿಂದ ಕೆಳಕ್ಕೆ ಹೆಣೆದ ಚೀಲದ ತುದಿಯನ್ನು ಬಿಚ್ಚಿ ಹೊಸದಾಗಿ ಹೆಣೆಯುವುದು ಸುಲಭ, ನಮ್ಮದಕ್ಕೆ ತೇಪೆಯೇ ಗತಿ. ಆದರೆ ನೂಲು ಇಷ್ಟೇ ಎಂದು ಗೊತ್ತಿರುವಾಗ ಬೆರಳಿನಿಂದ ತೊಡಗುವುದೇ ಜಾಣತನ. ನೂಲನ್ನು ಎರಡು ಸಮಪಾಲು ಮಾಡಿ ತೂಗಿಟ್ಟುಕೊಂಡರೆ, ಪಾದ ಮುಗಿದ ಮೇಲೆ ಉಳಿದಷ್ಟೂ ಕೊರಳಿಗೆ.

ಎರಡನೆಯ ಸಲ ಲೆಕ್ಕವನ್ನು ತಿದ್ದಿದೆವು. ಹಿಮ್ಮಡಿಯಾದ ಮೇಲೆ 8 ಕುಣಿಕೆಗಳನ್ನು ಕೂಡಿಸಿ 48 ಮಾಡಿಕೊಂಡೆವು. ಚಿತ್ತಾರವು ಐದರ ಬದಲು ಆರು ಸಲ ಬಂದಿತು. ಒಂದೇ ಬಣ್ಣದ ಕುಣಿಕೆಗಳು ಮೂರಕ್ಕಿಂತ ಹೆಚ್ಚಾಗಿ ಒತ್ತಟ್ಟಿಗೆ ಬಾರದಂತೆ ಚಿತ್ತಾರವನ್ನು ಬದಲಿಸಿದೆವು. ಇದರಿಂದ ಒಳಗಿನ ಬಿಡಿ ಎಳೆಗಳು ಒಂದೂವರೆ ಸೆಂಟಿಮೀಟರಿಗಿಂತ ಉದ್ದವಾಗದೆ, ತೊಡುವಾಗ ಬೆರಳಿಗೆ ತೊಡರುವುದೂ ತಪ್ಪಿತು. ಬಣ್ಣ ಬದಲಿಸುವಾಗಲೆಲ್ಲ ಕಡ್ಡಿಯ ಮೇಲಿನ ಕುಣಿಕೆಗಳನ್ನು ಹರವಿಕೊಂಡು, ಎಳೆಯನ್ನು ಸಡಿಲವಾಗಿ ಹಾಯಿಸಿದೆವು. ಕರಿಯ ನೂಲನ್ನು ಯಾವಾಗಲೂ ಮೇಲಿನಿಂದ, ಬಿಳಿಯದನ್ನು ಯಾವಾಗಲೂ ಕೆಳಗಿನಿಂದ ತಂದೆವು. ಕೆಳಗಿನಿಂದ ಬರುವ ನೂಲಿನ ದಾರಿ ತುಸು ಉದ್ದವಾದುದರಿಂದ ಅದರ ಕುಣಿಕೆಗಳು ತುಸು ದೊಡ್ಡವಾಗಿ ಚಿತ್ತಾರವು ಎದ್ದು ಕಾಣುತ್ತದೆ. ನಡುವೆ ಅದಲುಬದಲಾದರೆ ಚಿತ್ರ ಮಸಕಾಗುತ್ತದೆ. ಬಾಯಿಯ ಪಟ್ಟಿಗೆ ಎರಡು ಸೀದಾ, ಎರಡು ಉಲ್ಟಾ ಕುಣಿಕೆಗಳ ಕ್ರಮವನ್ನು ಹಿಡಿದೆವು. ಸೀದಾ ಕುಣಿಕೆಯ ಸಾಲು ಒಂದು ಕಡೆಗೆ, ಉಲ್ಟಾ ಕುಣಿಕೆಯ ಸಾಲು ಇನ್ನೊಂದು ಕಡೆಗೆ ಸುರುಳಿಯಾಗಲು ನೋಡುವುದರಿಂದ ಬಟ್ಟೆಯು ಹಾರ್ಮೋನಿಯಮ್ಮಿನ ತಿದಿಯಂತೆ ಮಡಿಚಿಕೊಂಡು, ಎಳೆದಾಗ ಬಿಚ್ಚಿಕೊಳ್ಳುತ್ತದೆ. ಈ ಸಲ ಪ್ರತಿ ನಾಲ್ಕು ಬೆರಳು ಹೆಣೆದಾಗಲೂ, ಹೆಚ್ಚುಕಡಮೆ ಅಷ್ಟೇ ಅಳತೆಯ ಕಾಲಿನ ಗೆಳೆಯರೊಬ್ಬರನ್ನು ಕಾಡಿ ಬೇಡಿ ತೊಡಿಸಿ ನೋಡಿದೆವು.

ಉಣ್ಣೆ ಯಾರಿಗೆ ಬೇಕು?

ಎರಡು ಚೀಲಗಳೂ ಮುಗಿಯುವ ಹೊತ್ತಿಗೆ ಚಳಿಯ ಕೊನೆಯ ದಿನಗಳು. ಮಂದೆಯು ಬೇರೊಂದು ಹೊಲಕ್ಕೆ ಹೋಗಿತ್ತು. ಕುರಿಗಾರನು ಚೀಲವನ್ನು ತೊಟ್ಟು ನಾಲ್ಕು ಹೆಜ್ಜೆ ನಡೆದನು. ಅಂಗಾಲಿಗೆ ಚುಚ್ಚುವುದಿಲ್ಲವೆಂದನು, ಕಣಕಾಲಿಗೆ ಚುಚ್ಚುತ್ತದೆ, ಆದರೆ ಕಂಬಳಿಗೆ ಪಳಗಿದ ಮೈಗೆ ಅದೇನು ದೊಡ್ಡದಲ್ಲವೆಂದನು. ಆಮೇಲೆ ನಮ್ಮನ್ನು ಮಂದೆಯ ಪಕ್ಕಕ್ಕೆ ಕರೆದೊಯ್ದು, ಬೇಲಿಯ ಬುಡದಲ್ಲಿ ಬಿದ್ದಿದ್ದ ಕರಿಯ ರಾಶಿಯೊಂದನ್ನು ತೋರಿಸಿದನು. ಕತ್ತರಿಸಿದ ಉಣ್ಣೆ, ಮಣ್ಣಿನಲ್ಲಿ ಕೊಳೆಯುತ್ತಿತ್ತು.

“ಕತ್ತರಿಸಿದ ಕೂಲಿನೂ ಹುಟ್ಟಂಗಿಲ್ಲರೀ. ಹಿಂದ ನಮ್ಮವ್ವ ಇದರಾಗಿನ ಒಂದು ಎಳಿ ಕೆಳಗ ಬೀಳಗೊಡ್ತಿದ್ದಿಲ್ಲ,” ಎಂದನು.

ಗಿರಣಿಯ ಅಗ್ಗದ ಹೊದಿಕೆಗಳು ಬಂದ ಮೇಲೆ ದಖ್ಖನದ ಹಲವೆಡೆ ಕಂಬಳಿಯ ಬೇಡಿಕೆ ಕುಗ್ಗಿತು. ಅದರೊಡನೆ ಉಣ್ಣೆಯ ಬೆಲೆಯೂ ಕುಗ್ಗಿತು. ಕುರಿಯನ್ನು ಸಾಕುವುದು ಮಾಂಸಕ್ಕೆ ಎಂಬಂತಾಗಿ, ಉಣ್ಣೆಯಿಲ್ಲದ ತಳಿಗಳ ಟಗರನ್ನು ಮಂದೆಗೆ ಬಿಡುವ ವಾಡಿಕೆ ಬೆಳೆಯಿತು. ಉಣ್ಣೆ ಹೋದರೆ ಹೋಗಲಿ ಎನ್ನುವವರು ಒಂದನ್ನು ನೆನಪಿಡಬೇಕು. ಉಣ್ಣೆಯೊಡನೆ ಹೋಗುವುದು ಕದಿರು ಹಿಡಿದ ಆ ಆಯಿಯ ಬೆರಳಿನ ಅರಿವು. ಯಾವ ಎಳೆಗೆ ಎಷ್ಟು ತಿರುಚು ಬೇಕೆಂಬುದನ್ನು ಅಳತೆಗೋಲಿಲ್ಲದೆ ಬಲ್ಲ ವಿದ್ಯೆ. ಅದನ್ನು ಪುಸ್ತಕದಿಂದ ಮತ್ತೆ ಕಲಿಯಲು ಬಾರದು.

ಒಂದು ಜೊತೆ ಕಾಲುಚೀಲದಿಂದ ಈ ಸಂಕಟ ಪರಿಹಾರವಾದೀತೆಂದು ನಾವು ಹೇಳುವುದಿಲ್ಲ. ಒರಟು ಉಣ್ಣೆಗೆ ಮೆದು ಉಣ್ಣೆಯ ಮಾರುಕಟ್ಟೆ ದೊರೆಯದು. ಆದರೆ ಒಂದು ವಸ್ತುವಿಗೆ ಹಳೆಯ ಉಪಯೋಗ ತಪ್ಪಿದಾಗ ಹೊಸ ಉಪಯೋಗವನ್ನು ಅರಸುವುದಕ್ಕೆ ಮೊದಲು ಅದರ ಗುಣವೇನು, ಯಾವ ರಚನೆಗೆ ಅದು ಒಗ್ಗುತ್ತದೆ ಎಂಬುದನ್ನು ಅಳೆದು ನೋಡಬೇಕು. ಆ ಕೆಲಸಕ್ಕೆ ದೊಡ್ಡ ಪ್ರಯೋಗಶಾಲೆಯೇ ಬೇಕೆಂದಿಲ್ಲ. ಐದು ಬಿದಿರುಕಡ್ಡಿ, ಒಂದು ಅಳತೆಪಟ್ಟಿ, ಎರಡು ಉಂಡೆ ನೂಲು ಸಾಕು. ಈ ಮೂರು ತಾಲೂಕುಗಳ ಶಾಲೆ-ಕಾಲೇಜುಗಳಲ್ಲಿ ಓದುತ್ತಿರುವ ಎಷ್ಟೋ ವಿದ್ಯಾರ್ಥಿಗಳ ಮನೆಯ ಅಟ್ಟದ ಮೇಲೆ ಅಜ್ಜಿಯ ಕದಿರು ಇನ್ನೂ ಇದ್ದೀತು. ಅದನ್ನು ಇಳಿಸಿ, ಅದರ ಬಳಕೆಯನ್ನು ಬಲ್ಲವರಿರುವಾಗಲೇ ಕೇಳಿ ಕಲಿಯಬೇಕು. ಹತ್ತು ಸೆಂಟಿಮೀಟರಿನ ಒಂದು ತುಂಡನ್ನು ಹೆಣೆದು, ತಮ್ಮ ಕೈಯ ಎರಡು ಅಂಕಿಗಳನ್ನು ಬರೆದಿಟ್ಟುಕೊಳ್ಳಬೇಕು. ಆಮೇಲೆ ಮನೆಯ ಹಿರಿಯರೊಬ್ಬರ ಪಾದವನ್ನು ಎರಡು ಕಡೆ ಅಳೆಯಬೇಕು: ಬೆರಳಿನ ಬುಡದಲ್ಲಿ ಒಮ್ಮೆ, ನಾವು ಮರೆತಂತೆ ಮರೆಯದೆ, ಹಿಮ್ಮಡಿಯಿಂದ ಓರೆಯಾಗಿ ಇನ್ನೊಮ್ಮೆ.

ನಾವು ಹೊರಡುವಾಗ ಕುರಿಗಾರನು ಚೀಲಗಳನ್ನು ಕಳಚಿ ಕಂಬಳಿಯ ಮಡಿಕೆಯಲ್ಲಿ ಇಟ್ಟುಕೊಂಡಿದ್ದನು. ಹಗಲಿನಲ್ಲಿ ತೊಟ್ಟರೆ ಮಣ್ಣಾಗುತ್ತದೆಂದೂ, ರಾತ್ರಿ ಮಲಗುವಾಗ ತೊಡುವೆನೆಂದೂ ಹೇಳಿದನು. ಬೇಲಿಯ ಬುಡದ ರಾಶಿಯಿಂದ ಒಂದು ಹಿಡಿ ಉಣ್ಣೆಯನ್ನು ಆಯ್ದು, ಮಣ್ಣು ಕೊಡವಿ, ಅದನ್ನೂ ನಮ್ಮ ಚೀಲದಲ್ಲಿ ಹಾಕಿ ಕಳಿಸಿದನು.